ಒಂದನೇ ಚಾನೆಲ್ ಚಟಪಟ ಅಂತಿದೆ: ಇಂಟರ್‌ಫೇಸ್ ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ತುಂಗಾತೀರ (ತೀರ್ಥಹಳ್ಳಿ), ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಎರಡು ಮೈಕ್ ಹಾಕೋ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದಿದೆ, ಮೈಕಿನ ದನಿಯನ್ನ ಲ್ಯಾಪ್‌ಟಾಪ್‌ಗೆ ಕಳಿಸೋ ಪೆಟ್ಟಿಗೆ. ತಗೊಂಡು ಐದು ವರ್ಷ ಆಯ್ತು, ವಾರಂಟಿ ಯಾವತ್ತೋ ಮುಗಿದಿದೆ. ಮಳೆಗಾಲದಲ್ಲಿ ಮನೆಮನೆ ತಾಳಮದ್ದಲೆ, ಊರ ಹೆಂಗಸರ ಹಸೆಹಾಡು, ನನ್ನ ರೆಕಾರ್ಡಿಂಗ್ ಅಂದ್ರೆ ಇಷ್ಟೇ. ಸ್ಟುಡಿಯೋ ಗೀಡಿಯೋ ಏನಿಲ್ಲ, ಉಪ್ಪರಿಗೆ ಕೋಣೆಗೆ ನಾಲ್ಕು ಕಂಬಳಿ ಕಟ್ಟಿದ್ದೇನೆ.

ಎರಡು ವಾರದ ಹಿಂದೆ ಒಂದು ಸಂಜೆ ಸಿಡಿಲು ಜೋರಿತ್ತು. ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಮರುದಿನ ನೋಡಿದ್ರೆ ಒಂದನೇ ಚಾನೆಲ್‌ನಲ್ಲಿ ಕಂಡೆನ್ಸರ್ ಮೈಕ್ ಹಾಕಿದ ಕೂಡಲೇ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಅದರ ಹಿಂದೆ ಗುಂಯ್ ಅನ್ನೋ ಶಬ್ದ ಬೇರೆ. ಎರಡನೇ ಚಾನೆಲ್‌ನಲ್ಲಿ ಚಟಪಟ ಇಲ್ಲ, ಗುಂಯ್ ಮಾತ್ರ ಅಲ್ಲೂ ಇದೆ.

ಸರ್ವಿಸ್ ಸೆಂಟರ್‌ನವರಿಗೆ ಫೋನ್ ಮಾಡಿದೆ. "ಬೋರ್ಡೇ ಬದಲಿಸಬೇಕು, 6,500 ಆಗುತ್ತೆ, ಬೆಂಗಳೂರಿಗೆ ಕಳಿಸಿ, ಮೂರು ವಾರ" ಅಂದ್ರು. ಪೆಟ್ಟಿಗೆಯ ಮುಖ ನೋಡದೇನೇ! ಇದೇ ಥರದ ಹೊಸದು 13 ಸಾವಿರದ ಹತ್ತಿರ ಇದೆ.

ನನ್ನ ಅವಸರ ಏನಂದ್ರೆ, ಅಜ್ಜಿಗೆ 86 ವರ್ಷ. ಹಾಡು ಅಂದ್ರೆ "ಎಂತಕ್ಕೋ ಅದೆಲ್ಲ" ಅಂತ ಇಷ್ಟು ವರ್ಷ ತಪ್ಪಿಸ್ಕೊಂಡು, ಈಗ ಒಪ್ಪಿದ್ದಾಳೆ. ಕೊಪ್ಪದಿಂದ ದೊಡ್ಡತ್ತೆ ಬರೋ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತಾರೆ. ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡಿಯೋ ಹಾಡುಗಳು ಅವು, ಎರಡು ಮೈಕ್ ಬೇಕೇ ಬೇಕು. ಒಂಬತ್ತು ದಿನ ಇದೆ. ಏನು ಮಾಡಲಿ?

ಸಾಗರದ_ಸೌಂಡು, ರಾತ್ರಿ 9:58

ಹೊಸದು ತಗೊಳ್ಳಿ. ಐದು ವರ್ಷ ದುಡಿದಿದೆ, ಕೈಮುಗಿದು ಬೀಳ್ಕೊಡಿ. ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧಕ್ಕೆ ಬಂತು ಅಂದ್ರೆ ನಾನು ಯೋಚನೆ ಮಾಡೋದೇ ಇಲ್ಲ. ಮದುವೆ ಸೀಸನ್‌ನಲ್ಲಿ ಮೂರು ಮಿಕ್ಸರ್ ಓಡಿಸ್ತೀನಿ, ಒಮ್ಮೆ ಬಿಚ್ಚಿದ ಮೆಷಿನ್ ಮೇಲೆ ಆಮೇಲೆ ನಂಬಿಕೆನೇ ಬರಲ್ಲ.

ಆಗುಂಬೆ_ಜಿಗಣೆ, ರಾತ್ರಿ 10:15

ಮಾರಾಯ್ರೆ, ಮೊದಲು ಮೈಕ್ ನೋಡಿ. ನಮ್ಮ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ. ಜೂನ್ ಬಂತು ಅಂದ್ರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಎಲ್ಲದಕ್ಕೂ ಬೂಷ್ಟು. ಕಂಡೆನ್ಸರ್ ಮೈಕ್ ಒಳಗೆ ತೆಳು ಪರದೆಗೂ ಹಿಂದಿನ ತಗಡಿಗೂ ನಡುವೆ ವಿದ್ಯುತ್ ಚಾರ್ಜ್ ನಿಂತಿರಬೇಕು. ಅಲ್ಲಿ ತೇವ ಕೂತರೆ ಚಾರ್ಜ್ ಸೋರ್ತದೆ, ನೀವು ಹೇಳಿದ ಹಾಗೇ ಪಟಪಟ ಅಂತದೆ. ನಾನೂ ಒಮ್ಮೆ ಇಂಟರ್‌ಫೇಸ್ ಕೆಟ್ಟಿತು ಅಂತ ಮಾರಿಬಿಟ್ಟೆ. ಆಮೇಲೆ ನೋಡಿದ್ರೆ ತಪ್ಪು ಮೈಕಿನದ್ದು. ಈಗ ಮೈಕೆಲ್ಲ ಮರದ ಕಪಾಟಲ್ಲಿ, ಜೊತೆಗೆ ಒಂದು ಜೀರೋ ಬಲ್ಬು ದಿನವಿಡೀ ಉರೀತದೆ. ಮನೆಯವಳ ರೇಷ್ಮೆ ಸೀರೆಯೂ ಅಲ್ಲೇ ಬಂದು ಸೇರಿದೆ, ಅದು ಬೇರೆ ವಿಷಯ.

ಮಂಡಿಗದ್ದೆ_ಮಾಣಿ, ರಾತ್ರಿ 10:21

ಇಂಟರ್‌ಫೇಸನ್ನ ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಡಿ, ಸರಿಯಾಗುತ್ತೆ.

ಆಗುಂಬೆ_ಜಿಗಣೆ, ರಾತ್ರಿ 10:24

ಜುಲೈ ತಿಂಗಳ ಅಕ್ಕಿಯೇ ಒದ್ದೆ ಇರ್ತದೆ ಮಾರಾಯ. ಜ್ಯಾಕ್ ತೂತಿಗೆ ಅಕ್ಕಿಕಾಳು ಹೋದ್ರೆ ತೆಗೆಯೋದು ಯಾರು?

ಭದ್ರಾವತಿ_ಸೋಲ್ಡರ್, ರಾತ್ರಿ 11:05

ರಿಪೇರಿನೋ ಹೊಸದೋ ಅನ್ನೋದು ಆಮೇಲೆ. ಕೆಟ್ಟಿರೋದು ಏನು ಅಂತಲೇ ಇನ್ನೂ ಗೊತ್ತಾಗಿಲ್ಲವಲ್ಲ. ನೀವು ಹೇಳಿದ್ದರಲ್ಲಿ ಎರಡು ರೋಗ ಇದ್ದ ಹಾಗಿದೆ. ಗುಂಯ್ ಎರಡೂ ಚಾನೆಲ್‌ನಲ್ಲಿ, ಚಟಪಟ ಒಂದರಲ್ಲಿ ಮಾತ್ರ. ಎರಡನ್ನೂ ಒಂದೇ ಮೂಟೆಗೆ ಕಟ್ಟಬೇಡಿ.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಮೈಕು, ಕೇಬಲ್ ಎರಡನ್ನೂ ಒಂದನೇ ಚಾನೆಲ್‌ನಿಂದ ಎರಡಕ್ಕೆ ಹಾಕಿ. ಚಟಪಟ ಜೊತೆಗೇ ಹೋಯ್ತು ಅಂದ್ರೆ ಮೈಕ್ ಅಥವಾ ಕೇಬಲ್, ಜಿಗಣೆಯವರ ಮಾತು ನಿಜ. ಅಲ್ಲೇ ಉಳೀತು ಅಂದ್ರೆ ಇಂಟರ್‌ಫೇಸ್. ಆಮೇಲೆ ಒಂದನೇ ಚಾನೆಲ್‌ಗೆ ಸಾದಾ ಡೈನಮಿಕ್ ಮೈಕ್ ಹಾಕಿ, ಎಸ್‌ಎಂ58 ಥರದ್ದು, ಮೈಕಾಸುರರ ಕೈಲಿ ಇರುತ್ತಲ್ಲ ಅದು. ಮೊದಲು 48 ವೋಲ್ಟ್ ಗುಂಡಿ (ಕಂಡೆನ್ಸರ್ ಮೈಕ್‌ಗೆ ಕರೆಂಟ್ ಕಳಿಸೋದು) ಆಫ್ ಇಟ್ಟು ಕೇಳಿ, ಆಮೇಲೆ ಆನ್ ಮಾಡಿ ಕೇಳಿ. ಕೇಬಲ್ ಸರಿ ಇದ್ದರೆ ಡೈನಮಿಕ್ ಮೈಕ್‌ಗೆ 48ರಿಂದ ಏನೂ ಆಗಲ್ಲ. ರಿಬ್ಬನ್ ಮೈಕ್ (ಒಳಗೆ ತೆಳು ಲೋಹದ ಪಟ್ಟಿ ಇರೋದು) ಮಾತ್ರ ಹಾಕಬೇಡಿ. ಗುಂಡಿ ಒತ್ತುವಾಗ ಹೆಡ್‌ಫೋನ್ ವಾಲ್ಯೂಮ್ ಇಳಿಸಿ, ಇಲ್ಲಾಂದ್ರೆ ಕಿವಿಗೆ ಢಂ ಅಂತ ಬಡಿಯುತ್ತೆ.

ಕೊನೇದು, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ, ಗುಂಯ್ ಇದೆಯಾ ನೋಡಿ.

ತುಂಗಾತೀರ, ಶನಿವಾರ ಬೆಳಿಗ್ಗೆ 8:30

ಮಾಡಿದೆ ಸರ್. ಚಟಪಟ ಮೈಕ್ ಜೊತೆ ಹೋಗಲಿಲ್ಲ, ಒಂದನೇ ಚಾನೆಲ್‌ನಲ್ಲೇ ಉಳೀತು. ಪಕ್ಕದ ಮನೆ ಭಜನೆಯವರ ಡೈನಮಿಕ್ ಮೈಕ್ ತಂದು ಹಾಕಿದೆ. 48 ಆಫ್ ಇದ್ದಾಗ ನೀರು ನಿಂತ ಹಾಗೆ ಶಾಂತ. 48 ಆನ್ ಮಾಡಿದ ತಕ್ಷಣ ಚಟಪಟ ಶುರು!

ಚಾರ್ಜರ್ ಕಿತ್ತ ಮೇಲೆ ಗುಂಯ್ ನಾಪತ್ತೆ. ಚುಚ್ಚಿದ್ರೆ ಮತ್ತೆ ಹಾಜರ್.

ಹೊಸಹಳ್ಳಿ_ಕೇಳುಗ, ಬೆಳಿಗ್ಗೆ 9:02

ಗುಂಯ್ ವಿಷಯಕ್ಕೆ ನಾನು ಹೇಳ್ತೀನಿ, ಇದರಲ್ಲಿ ನಾನು ಪೆಟ್ಟು ತಿಂದವನು. ನಮ್ಮಲ್ಲಿ ಗಮಕ ವಾಚನ ಧ್ವನಿಮುದ್ರಣ ಮಾಡುವಾಗ ಹೀಗೇ ಆಗ್ತಿತ್ತು. ವಾಚನದಲ್ಲಿ ಒಂದು ಪದ್ಯಕ್ಕೂ ಇನ್ನೊಂದಕ್ಕೂ ನಡುವೆ ಮೌನ ಇರುತ್ತದೆ. ಆ ಮೌನದಲ್ಲಿ ಮನೆ ಕರೆಂಟಿನ ಈ 50 ಹರ್ಟ್ಜ್ ಭೂತ ಎದ್ದು ಕೂರುತ್ತದೆ. ಚಾರ್ಜರ್ ಕಿತ್ತ ಕೂಡಲೇ ಗುಂಯ್ ಹೋಗುತ್ತೆ ಅಂದರೆ ಇಂಟರ್‌ಫೇಸ್‌ನದ್ದು ತಪ್ಪಿಲ್ಲ. ಮನೆಯ ಅರ್ತಿಂಗ್ ನೋಡಿಸಿ.

ಹಳೇ ಮನೆಗಳಲ್ಲಿ ಉಪ್ಪರಿಗೆಗೆ ವೈರ್ ಎಳೆಯುವಾಗ ಎರಡೇ ತಂತಿ ಎಳೆದು ಮೂರು ತೂತಿನ ಪ್ಲಗ್ ಕೂರಿಸಿರುತ್ತಾರೆ. ಮೂರನೆಯ ತೂತು ಅಲಂಕಾರಕ್ಕೆ. ನಮ್ಮ ಕೆಂಪು ಮುರಕಲ್ಲು ನೆಲ ಬೇರೆ ಕರೆಂಟನ್ನು ಸುಲಭವಾಗಿ ಇಳಿಸಿಕೊಳ್ಳುವುದಿಲ್ಲ. ಅರ್ತ್ ತಂತಿ ಇಳಿಸಿದ ಗುಂಡಿಗೆ ಉಪ್ಪು ಇದ್ದಿಲು ಹಾಕಿ, ಬೇಸಿಗೆಯಲ್ಲಿ ನೀರು ಹೊಯ್ಯುತ್ತಿರಬೇಕು.

ಕೆಲವರು ಚಾರ್ಜರ್‌ನ ಅರ್ತ್ ಪಿನ್‌ಗೆ ಟೇಪ್ ಸುತ್ತಿ ಗುಂಯ್ ನಿಲ್ಲಿಸುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಒದ್ದೆ ಕಾಲಲ್ಲಿ ನಿಂತು ಹಾಡುವವರ ತುಟಿ ಆ ಮೈಕಿನ ಜಾಲರಿಗೆ ತಾಗುತ್ತಿರುತ್ತದೆ.

ಸಾಗರದ_ಸೌಂಡು, ಬೆಳಿಗ್ಗೆ 9:20

ಕೇಳುಗರು ಹೇಳಿದ ಕೊನೇ ಮಾತಿಗೆ ನನ್ನದೂ ಒಂದು ಸಹಿ. ಗಣಪತಿ ಪೆಂಡಾಲಲ್ಲಿ ಹುಡುಗನೊಬ್ಬ ಹೀಗೇ ಷಾಕ್ ಹೊಡೆಸ್ಕೊಂಡಿದ್ದು ಕಣ್ಣಾರೆ ಕಂಡಿದ್ದೇನೆ. ಪುಣ್ಯಕ್ಕೆ ಬದುಕಿದ.

ಆದ್ರೂ ಒಂದನೇ ಚಾನೆಲ್ ಕೆಟ್ಟಿದೆ ತಾನೇ? ಹೊಸದು ತಗೊಳ್ಳಿ.

ಭದ್ರಾವತಿ_ಸೋಲ್ಡರ್, ಬೆಳಿಗ್ಗೆ 9:47

ತುಂಗಾತೀರ ಅವರೇ, ಮನೆಯಲ್ಲಿ ಮಲ್ಟಿಮೀಟರ್ ಇದೆಯಾ? ಪಂಪ್‌ಸೆಟ್ ಇರೋ ಮನೆಯಲ್ಲಿ ಒಂದು ಇದ್ದೇ ಇರುತ್ತೆ.

ಯುಎಸ್‌ಬಿಯಿಂದ ನಿಮ್ಮ ಪೆಟ್ಟಿಗೆಗೆ ಸಿಗೋದು ಬರೀ 5 ವೋಲ್ಟ್. ಯುಎಸ್‌ಬಿ 2 ಆದ್ರೆ 500 ಮಿಲಿಆಂಪ್ ಮಿತಿ. ಆ ಐದನ್ನೇ ಒಳಗೆ ಒಂದು ಸರ್ಕ್ಯೂಟ್ 48ಕ್ಕೆ ಏರಿಸುತ್ತೆ. ಅಲ್ಲಿಂದ 6.8 ಕಿಲೋ ಓಮ್‌ನ ಎರಡು ರೆಸಿಸ್ಟರ್ ಮೂಲಕ ಮೈಕ್ ಸಾಕೆಟ್‌ನ 2 ಮತ್ತು 3ನೇ ಪಿನ್‌ಗೆ ಹೋಗುತ್ತೆ. 1ನೇ ಪಿನ್ ಗ್ರೌಂಡ್. ಈ 48 ಮುಂದೆ ಪ್ರೀಆಂಪ್‌ಗೆ (ಮೈಕಿನ ಸಣ್ಣ ದನಿಯನ್ನ ದೊಡ್ಡದು ಮಾಡೋ ಭಾಗ) ನುಗ್ಗದ ಹಾಗೆ ಪ್ರತಿ ಪಿನ್‌ಗೂ ಒಂದೊಂದು ಕೆಪಾಸಿಟರ್ ಕಾವಲು. ಮೈಕಿನ ದನಿಯನ್ನ ಬಿಡುತ್ತೆ, ಡಿಸಿಯನ್ನ ತಡೆಯುತ್ತೆ. ನನ್ನ ಗುಮಾನಿ ಈ ಕಾವಲುಗಾರನ ಮೇಲೆ.

ಒಂದು ಮೈಕ್ ಕೇಬಲ್ ಒಂದನೇ ಚಾನೆಲ್‌ಗೆ ಚುಚ್ಚಿ, ಆ ತುದಿಗೆ ಮೈಕ್ ಬೇಡ. ಆ ತುದಿಯ ಮೂರು ತೂತಿನ ಪಕ್ಕ 1, 2, 3 ಅಂತ ಸಣ್ಣದಾಗಿ ಬರೆದಿರುತ್ತೆ. ಮೀಟರನ್ನ ಡಿಸಿ ವೋಲ್ಟ್‌ಗೆ ತಿರುಗಿಸಿ, ಕಪ್ಪು ಕಡ್ಡಿ 1ಕ್ಕೆ, ಕೆಂಪು ಕಡ್ಡಿ 2ಕ್ಕೆ, ಆಮೇಲೆ 3ಕ್ಕೆ. 44ರಿಂದ 52ರ ಒಳಗಿರಬೇಕು. ಅದಕ್ಕಿಂತ ಮುಖ್ಯ, ಎರಡೂ ಒಂದೇ ಇರಬೇಕು. ಕಡ್ಡಿ ಜಾರಿ ಎರಡು ತೂತಿಗೆ ಒಟ್ಟಿಗೆ ತಾಗದ ಹಾಗೆ ನೋಡ್ಕೊಳ್ಳಿ.

ತುಂಗಾತೀರ, ಬೆಳಿಗ್ಗೆ 11:10

ಒಂದನೇ ಚಾನೆಲ್: ಪಿನ್ 2 ರಲ್ಲಿ 47.6. ಪಿನ್ 3 ರಲ್ಲಿ 30 ಹತ್ರ, ನಿಲ್ಲೋದೇ ಇಲ್ಲ, 29, 31 ಅಂತ ಕುಣೀತಿದೆ.
ಎರಡನೇ ಚಾನೆಲ್: ಎರಡರಲ್ಲೂ 47.6.

ಮೀಟರ್ ಕೈಯಲ್ಲಿತ್ತಲ್ಲ, ಉಪ್ಪರಿಗೆ ಪ್ಲಗ್ಗನ್ನೂ ನೋಡಿದೆ. ಫೇಸ್, ನ್ಯೂಟ್ರಲ್ ನಡುವೆ 228. ಫೇಸ್, ಅರ್ತ್ ನಡುವೆ ಒಮ್ಮೆ 60, ಒಮ್ಮೆ 85. ಕೆಳಗೆ ಅಡುಗೆಮನೆಯಲ್ಲಿ ಎರಡೂ 228. ಕೇಳುಗರು ಹೇಳಿದ ಅಲಂಕಾರದ ತೂತು ನಮ್ಮನೆಯಲ್ಲೂ ಇದೆ ಅಂತಾಯ್ತು.

ಭದ್ರಾವತಿ_ಸೋಲ್ಡರ್, ಬೆಳಿಗ್ಗೆ 11:32

ಸಿಕ್ಕಿಬಿದ್ದ!

ಒಂದೇ ಟ್ಯಾಂಕಿಂದ ಎರಡು ಪೈಪ್ ಇಳಿದಿದೆ ಅನ್ಕೊಳ್ಳಿ. ಒಂದು ನಲ್ಲಿಯಲ್ಲಿ ಪೂರ್ತಿ ಪ್ರೆಷರ್, ಇನ್ನೊಂದರಲ್ಲಿ ಕಡಿಮೆ ಅಂದ್ರೆ ಟ್ಯಾಂಕ್ ಸರಿ ಇದೆ, ಎರಡನೇ ಪೈಪ್ ಎಲ್ಲೋ ಸೋರ್ತಿದೆ. 48ರಲ್ಲಿ 18 ವೋಲ್ಟ್ ಆ 6.8 ಕಿಲೋ ಓಮ್ ಮೇಲೆ ಬೀಳ್ತಿದೆ, ಅಂದ್ರೆ ಎರಡೂವರೆ ಮಿಲಿಆಂಪ್ ಚಿಲ್ಲರೆ ಸೋರಿಕೆ. ಮೈಕೇ ಇಲ್ಲದಾಗ ಅಲ್ಲಿ ಏನೂ ಹರಿಯಬಾರದು. ರೆಸಿಸ್ಟರ್ ಮೌಲ್ಯ ಹಾಳಾಗಿದ್ದರೆ ಲೋಡ್ ಇಲ್ಲದ ಸ್ಥಿತಿಯಲ್ಲಿ ಮೀಟರ್‌ಗೆ ಗೊತ್ತೇ ಆಗ್ತಿರಲಿಲ್ಲ, 47 ಅಂತಲೇ ತೋರಿಸ್ತಿತ್ತು. ಹಾಗಾಗಿ ಪಿನ್ 3ರ ಕೆಪಾಸಿಟರ್ ಲೀಕ್. ಸೋರೋ ಡಿಸಿ ಒಂದೇ ಸಮ ಇರಲ್ಲ, ಕುಣೀತಾ ಇರುತ್ತೆ. ಪ್ರೀಆಂಪ್ ಅದನ್ನೇ ದೊಡ್ಡದು ಮಾಡಿ ನಿಮ್ಮ ಕಿವಿಗೆ ಸಾಸಿವೆ ಸಿಡಿಸುತ್ತೆ.

ಸಿಡಿಲಿಗೂ ಇದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಸಿಡಿಲು ನುಗ್ಗಿದ ಇಂಟರ್‌ಫೇಸ್‌ಗಳು ನನ್ನ ಮೇಜಿಗೆ ಬಂದಾಗ ಸಾಮಾನ್ಯವಾಗಿ ಪೂರಾ ಹೆಣ, ದೀಪವೂ ಹತ್ತಲ್ಲ. ಇದು ಮುಪ್ಪು. ಇಂಥ ಕೆಪಾಸಿಟರ್ ಇರೋ ಜಾಗದ ಬಿಸಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತೆ. 48 ಗುಂಡಿ ಹಗಲು ರಾತ್ರಿ ಆನ್ ಇಟ್ಟಿರ್ತೀರಾ?

ತುಂಗಾತೀರ, ಬೆಳಿಗ್ಗೆ 11:40

ಹೌದು. ಐದು ವರ್ಷದಿಂದ. ಆಫ್ ಮಾಡಬಹುದು ಅಂತ ಯಾರೂ ಹೇಳಲಿಲ್ಲ 😐

ಸಾಗರದ_ಸೌಂಡು, ಮಧ್ಯಾಹ್ನ 12:15

ಸರಿ, ಪತ್ತೆ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಇವತ್ತು ಈ ಕೆಪಾಸಿಟರ್, ನಾಳೆ ಇನ್ನೊಂದು. ಯುಎಸ್‌ಬಿ ಬದಲು ಫೈರ್‌ವೈರ್ ಅನ್ನೋ ಬೇರೆ ಕೇಬಲ್ ಬೇಡೋ ನನ್ನ ಹಳೇ ಇಂಟರ್‌ಫೇಸ್ ಕಥೆ ಕೇಳಿ. ಎರಡು ಸಲ ರಿಪೇರಿ ಮಾಡಿಸಿದೆ, ಎರಡು ಸಲವೂ ಚೊಕ್ಕಟವಾಗಿ ಆಯ್ತು. ಇವತ್ತಿಗೂ ಸರ್ಕ್ಯೂಟ್ ಗಟ್ಟಿಮುಟ್ಟು. ಚುಚ್ಚೋಕೆ ಲ್ಯಾಪ್‌ಟಾಪಲ್ಲಿ ತೂತೇ ಇಲ್ಲ, ಅದನ್ನ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಬಿಡೋದನ್ನ ಕಂಪನಿಯೇ ನಿಲ್ಲಿಸಿದೆ. ಅದಕ್ಕೆ ಹಾಕಿದ ದುಡ್ಡು ತುಂಗೆಗೆ ಹುಣಸೆಹಣ್ಣು ಕಿವುಚಿದ ಹಾಗಾಯ್ತು.

ಭದ್ರಾವತಿ_ಸೋಲ್ಡರ್, ಮಧ್ಯಾಹ್ನ 1:50

ಸೌಂಡಪ್ಪನವರ ಮಾತಲ್ಲಿ ಹುರುಳಿದೆ, ಅದನ್ನ ತಳ್ಳಿಹಾಕಲ್ಲ. ನಾನೂ ಗಿರಾಕಿಗಳಿಗೆ "ಬೇಡ, ಹೊಸದು ತಗೊಳ್ಳಿ" ಅಂತ ಎಷ್ಟೋ ಸಲ ಹೇಳಿ ಕಳಿಸಿದ್ದೇನೆ.

ನನ್ನ ಲೆಕ್ಕ ಬೇರೆ. ಕೆಟ್ಟಿದ್ದು ಅಂಚಿನಲ್ಲೋ ನಡುಮನೆಯಲ್ಲೋ? ಜ್ಯಾಕ್ ಸಡಿಲ, ಯುಎಸ್‌ಬಿ ಸಾಕೆಟ್ ಬೆಸುಗೆ ಬಿಟ್ಟಿದೆ, ದನಿ ಏರಿಸೋ ಗೇನ್ ಗುಂಡಿ ತಿರುಗಿಸಿದ್ರೆ ಕರಕರ, ಕೆಪಾಸಿಟರ್ ಉಬ್ಬಿದೆ ಅಂದ್ರೆ ಇವೆಲ್ಲ ಅಂಚು. ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ, ಕೈಗೆ ನಿಲುಕುತ್ತೆ. ಯುಎಸ್‌ಬಿ ಕಂಟ್ರೋಲರ್ ಚಿಪ್ ಸತ್ತಿದೆ ಅಂದ್ರೆ ನಡುಮನೆ. ಚಿಪ್ ತಂದು ಕೂರಿಸಿದ್ರೂ ಅದರೊಳಗೆ ತುಂಬೋ ಸಾಫ್ಟ್‌ವೇರ್ (ಫರ್ಮ್‌ವೇರ್) ಕಂಪನಿ ಕೊಡಲ್ಲ. ದನಿಯನ್ನ ಅಂಕಿ ಮಾಡೋ ಕನ್ವರ್ಟರ್ ಚಿಪ್‌ದೂ ತಲೆನೋವೇ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕದಲ್ಲಿ ಎಕೆಎಂ ಅನ್ನೋ ಚಿಪ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಆಡಿಯೋ ಲೋಕಕ್ಕೆ ಈ ಚಿಪ್‌ಗಳು ದೊಡ್ಡ ಪ್ರಮಾಣದಲ್ಲಿ ಹೋಗ್ತಿದ್ದದ್ದೇ ಅಲ್ಲಿಂದ. ಎಷ್ಟೋ ಕಂಪನಿಗಳು ಬೇರೆ ಚಿಪ್‌ಗೆ ತಕ್ಕ ಹಾಗೆ ಬೋರ್ಡನ್ನೇ ಬದಲಿಸಿದವು. ಹಾಗಾಗಿ ಒಂದು ಬೋರ್ಡಿನ ಚಿಪ್ ಕಿತ್ತು ಇನ್ನೊಂದಕ್ಕೆ ಹಾಕ್ತೀನಿ ಅಂತ ಹೊರಡೋ ಮೊದಲು ಚಿಪ್ ಮೇಲಿನ ನಂಬರ್ ಓದಬೇಕು.

ತುಂಗಾತೀರರ ಪೆಟ್ಟಿಗೆ ಡ್ರೈವರ್ ಇಲ್ಲದೇ ನಡೆಯೋ ಜಾತಿದಾ? ಹಾಗಿದ್ರೆ ಫೈರ್‌ವೈರ್ ಗತಿ ಇದಕ್ಕೆ ಸದ್ಯಕ್ಕೆ ಬರಲ್ಲ. ಕೆಟ್ಟಿರೋದು ಅಪ್ಪಟ ಅಂಚು. ಇದಕ್ಕೆ 13 ಸಾವಿರ ಹಾಕೋದು ನನ್ನ ಮನಸ್ಸಿಗೆ ಒಪ್ಪಲ್ಲ.

ಇದರ ನಡುವೆ ಒಂದು ತಮಾಷೆ. ಹಿಂದೆ ನಮ್ಮಲ್ಲಿಗೆ ಒಂದು ಮಿಕ್ಸರ್ ಬಂತು, "ದೆವ್ವ ಹಿಡಿದಿದೆ, ಭಜನೆ ನಡುವೆ ಯಾರೋ ಮಾತಾಡ್ತಾರೆ" ಅಂತ. ಕೇಬಲ್ ಶೀಲ್ಡ್ ಕಿತ್ತುಹೋಗಿತ್ತು. ತಂತಿಯೇ ಏರಿಯಲ್ ಆಗಿ ಆಕಾಶವಾಣಿ ಭದ್ರಾವತಿಯನ್ನ ಹಿಡೀತಿತ್ತು. ಮಾತಾಡ್ತಿದ್ದ ದೆವ್ವ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಹೇಗೆ ಅಂತ ಹೇಳ್ತಿತ್ತು.

ಅಡಿಕೆ_ಮಂಡಿ, ಮಧ್ಯಾಹ್ನ 2:05

ಉಪಯೋಗದ ದೆವ್ವ.

ರಿಪ್ಪನ್‌ಪೇಟೆ_ರೀಲು, ಮಧ್ಯಾಹ್ನ 2:30

ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್ (ರಿಪೇರಿ ಹಕ್ಕು) ಪೋರ್ಟಲ್ ಶುರು ಮಾಡಿದೆಯಲ್ಲ, ಮೊಬೈಲು, ವಾಹನ, ಕೃಷಿ ಯಂತ್ರ, ಗೃಹೋಪಯೋಗಿ ವಸ್ತು ಎಲ್ಲಾ ಇದೆ. ಅಲ್ಲಿ ಹುಡುಕಬಹುದು. ಆದ್ರೆ ಒಂಬತ್ತು ದಿನದ ಗಡುವಿಗೆ ಪೋರ್ಟಲ್ ಅಲ್ಲ, ಕೈ ಬೇಕು.

ನನ್ನ ಒಂದು ಎಚ್ಚರಿಕೆ. ಸಿಕ್ಕಸಿಕ್ಕ ಕಡೆ ಕೊಡಬೇಡಿ. ನನ್ನ ಪೆಟ್ಟಿಗೆಯನ್ನ ಒಂದು ಅಂಗಡಿಯಲ್ಲಿ ರೇಡಿಯೋ ಬಿಚ್ಚೋ ದಪ್ಪ ಸೋಲ್ಡರಿಂಗ್ ಕಡ್ಡಿಯಲ್ಲಿ ಎಳೆದಾಡಿ ಬೋರ್ಡಿನ ತಾಮ್ರದ ಪ್ಯಾಡೇ ಎದ್ದು ಬಂತು. ಒಂದು ಚಾನೆಲ್ ಕೆಟ್ಟಿದ್ದು ವಾಪಸ್ ಬರುವಾಗ ಎರಡೂ ಕೆಟ್ಟಿತ್ತು. ಕೊಡೋ ಮೊದಲು "ಹಾಟ್ ಏರ್ (ಬಿಸಿಗಾಳಿಯಲ್ಲಿ ಬೆಸುಗೆ ಬಿಡಿಸೋ ಯಂತ್ರ) ಇದೆಯಾ, ಎಸ್‌ಎಂಡಿ (ಬೋರ್ಡಿನ ಮೈಗೇ ಅಂಟಿದ ಪುಟ್ಟ ಬಿಡಿಭಾಗ) ಕೆಲಸ ಮಾಡ್ತೀರಾ" ಅಂತ ಕೇಳಿ. ಮೊಬೈಲ್ ಬೋರ್ಡ್ ಕೆಲಸ ಮಾಡೋರ ಕೈ ಇದಕ್ಕೆ ಹೆಚ್ಚು ಪಳಗಿರುತ್ತೆ.

ಭದ್ರಾವತಿ_ಸೋಲ್ಡರ್, ಮಧ್ಯಾಹ್ನ 3:10

ಸರಿಯಾದ ಮಾತು. ಹೋದಾಗ ಎರಡೇ ಮಾತು ಹೇಳಿ: ಒಂದನೇ ಚಾನೆಲ್‌ನ ಪಿನ್ 2, ಪಿನ್ 3ರ ಎರಡೂ ಕೆಪಾಸಿಟರ್ ಬದಲಿಸಿ, ಒಂದೇ ಅಲ್ಲ. ವೋಲ್ಟೇಜ್ 63ರದ್ದೇ ಆಗಬೇಕು, 105 ಡಿಗ್ರಿ ಬಿಸಿ ತಾಳೋದು. 50 ವೋಲ್ಟ್‌ದು ಹಾಕ್ತೀನಿ ಅಂದ್ರೆ ಬೇಡ ಅನ್ನಿ, 48ಕ್ಕೆ ಅದು ತೀರಾ ಬಿಗಿ.

ತುಂಗಾತೀರ, ಬುಧವಾರ ರಾತ್ರಿ 8:45

ಇವತ್ತು ಶಿವಮೊಗ್ಗಕ್ಕೆ ಹೋಗಿ ಬಂದೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ದುರ್ಗಿಗುಡಿ ಕಡೆ ಮೊದಲ ಮೊಬೈಲ್ ಅಂಗಡಿಯವರು "ಇದೆಂಥದು ಡಿವಿಡಿ ಪ್ಲೇಯರಾ" ಅಂದ್ರು, ನಮಸ್ಕಾರ ಹೇಳಿ ಬಂದೆ. ಎರಡನೇ ಅಂಗಡಿಯಲ್ಲಿ ಒಬ್ಬ ಹುಡುಗ, ಇಪ್ಪತ್ತೈದರ ಒಳಗಿನವನು. ಅಳತೆ ಬರೆದಿದ್ದ ಚೀಟಿ ಕೊಟ್ಟೆ. ಓದಿ, "ಇದನ್ನ ಅಳೆದವರು ಯಾರು?" ಅಂದ. ನಾನೇ ಅಂದೆ. ಒಂದು ಸ್ಟೂಲ್ ಎಳೆದು ಕೊಟ್ಟ.

ನಾಲ್ಕು ಸ್ಕ್ರೂ, ಗುಂಡಿಗಳ ಕ್ಯಾಪ್ ಕಿತ್ತರೆ ಮುಚ್ಚಳ ಜಾರಿತು. ಬೋರ್ಡ್ ಹೊರಗೆ ಬಂದಾಗ ಮೊದಲು ಕಂಡಿದ್ದು ಇರುವೆ ಮೊಟ್ಟೆ! ಮೂಲೆಯಲ್ಲಿ ಒಂದು ಹಿಡಿ ಕೆಂಪು ಮಣ್ಣಿನ ಪುಡಿ, ಅದರೊಳಗೆ ಸಂಸಾರ. ಅವನು ಬ್ರಷ್‌ನಿಂದ ಗುಡಿಸಿ ಮೈಕ್ರೋಸ್ಕೋಪ್ ಕೆಳಗಿಟ್ಟ. ಒಂದನೇ ಸಾಕೆಟ್ ಹಿಂದೆ ಪುಟ್ಟ ಬೆಳ್ಳಿ ಡಬ್ಬಿಗಳು ಎರಡು, ಪಕ್ಕಪಕ್ಕ. ಒಂದರ ತಲೆ ಚಪ್ಪಟೆ. ಇನ್ನೊಂದರ ಬುಡದ ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು, ಬೆಲ್ಲದ ಪಾಕ ಚೆಲ್ಲಿ ಒಣಗಿದ ಹಾಗೆ. ಬಿಸಿಗಾಳಿ ಬಿಟ್ಟ ಕೂಡಲೇ ಒಣಮೀನಿನ ವಾಸನೆ. "ಒಳಗಿನ ರಸ ಸೋರಿದೆ ಸರ್, ಇದೇ ಕಳ್ಳ" ಅಂದ. ನಮ್ಮದು ಈರುಳ್ಳಿಯೂ ಒಳಗೆ ಬರದ ಮನೆ, ಆ ವಾಸನೆ ಮೂಗಿಂದ ಬಸ್ಸಿಳಿಯೋವರೆಗೂ ಹೋಗಲಿಲ್ಲ.

ಕೆಪಾಸಿಟರ್ ಎತ್ತಿದ ಮೇಲೆ ಸ್ಪಿರಿಟ್ ಹಾಕಿ ಹತ್ತಿಕಡ್ಡಿಯಲ್ಲಿ ಐದಾರು ಸಲ ಒರೆಸಿದ. ಆ ರಸ ಉಳಿದರೆ ತಾಮ್ರವನ್ನ ತಿನ್ನುತ್ತಂತೆ. 47 ಮೈಕ್ರೋಫ್ಯಾರಡ್ 63 ವೋಲ್ಟ್, ಅದೇ ಚಪ್ಪಟೆ ಜಾತಿ ಅವನ ಹತ್ರ ಇರಲಿಲ್ಲ. ಉದ್ದ ಕಾಲಿನದನ್ನ ತಂದು, ಕಾಲು ಕತ್ತರಿಸಿ, ಮಲಗಿಸಿ ಕೂರಿಸಿದ. ಮುಚ್ಚಳ ಮುಚ್ಚುತ್ತಾ ಅಂತ ಮೂರು ಸಲ ನೋಡಿದ. ಕೆಪಾಸಿಟರ್‌ಗೆ 40, ಕೆಲಸಕ್ಕೆ 500. ಬಸ್ ಛಾರ್ಜು, ಮಸಾಲೆದೋಸೆ ಬೇರೆ.

ಮನೆಗೆ ಬಂದು ಅಳೆದೆ. ಪಿನ್ 2: 47.7. ಪಿನ್ 3: 47.6. ಅಲ್ಲಾಡೋದಿಲ್ಲ.

ಭದ್ರಾವತಿ_ಸೋಲ್ಡರ್, ರಾತ್ರಿ 9:00

ಮಲಗಿಸಿ ಕೂರಿಸಿದ್ದು ತಪ್ಪಲ್ಲ, ಆದ್ರೆ ಸಾಗಿಸುವಾಗ ಅಲುಗಾಡಿ ಕಾಲು ಮುರಿಯದ ಹಾಗೆ ಬುಡಕ್ಕೆ ಒಂದು ಹನಿ ಸಿಲಿಕೋನ್ ಅಂಟು ಬಿಡಿ. ಫೆವಿಕ್ವಿಕ್ ಬೇಡ.

ಸಾಗರದ_ಸೌಂಡು, ರಾತ್ರಿ 9:12

540 ರೂಪಾಯಿ!! ಸರಿ, ನಾನು ಸೋತೆ. ಆದ್ರೂ ಭಾನುವಾರಕ್ಕೆ ನನ್ನ ಎರಡು ಚಾನೆಲ್‌ನ ಪುಟ್ಟ ರೆಕಾರ್ಡರ್ ಕಳಿಸಿಕೊಡ್ತೀನಿ, ಪಕ್ಕದಲ್ಲಿ ಓಡ್ತಾ ಇರಲಿ. 86 ವರ್ಷದ ಅಜ್ಜಿ ಒಪ್ಪಿದ ದಿನ, ನಿನ್ನೆ ಮೊನ್ನೆ ಬಿಚ್ಚಿದ ಪೆಟ್ಟಿಗೆಯೊಂದನ್ನೇ ನಂಬಿ ಕೂರಬೇಡಿ. ಸಾಗರದಿಂದ ತೀರ್ಥಹಳ್ಳಿ ಬಸ್ಸಿಗೆ ಹಾಕ್ತೀನಿ, ಕಂಡಕ್ಟರ್ ಪರಿಚಯ.

ಹೊಸಹಳ್ಳಿ_ಕೇಳುಗ, ರಾತ್ರಿ 9:30

ಅರ್ತ್ ತಂತಿ ಎಳೆಸುವವರೆಗೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಹಳೇ ಇನ್ವರ್ಟರ್ ಮೇಲೆ ಓಡಿಸಬೇಡಿ, ಅದರ ಚೌಕ ಅಲೆಯ ಕರೆಂಟಿಗೆ ಗುಂಯ್ ಇನ್ನೂ ಜೋರು.

ತುಂಗಾತೀರ, ಸೋಮವಾರ ಬೆಳಿಗ್ಗೆ 7:15

ನಿನ್ನೆ ಆಯ್ತು. ಹನ್ನೊಂದು ಹಾಡು. ಸೌಂಡಣ್ಣನ ರೆಕಾರ್ಡರ್ ಪಕ್ಕದಲ್ಲೇ ಓಡ್ತಿತ್ತು, ಬೇಕಾಗಲಿಲ್ಲ, ಇವತ್ತಿನ ಬಸ್ಸಿಗೆ ವಾಪಸ್ ಹಾಕ್ತೀನಿ. ಬ್ಯಾಟರಿ 20 ಪರ್ಸೆಂಟ್‌ಗೆ ಇಳಿದಾಗ ಅಜ್ಜಿಗೆ ಕಾಫಿ ಕೊಟ್ಟು ಚಾರ್ಜ್ ಮಾಡ್ಕೊಂಡೆ. ಏಳನೇ ಹಾಡಲ್ಲಿ ಹೆಂಚಿನ ಮೇಲೆ ಮಳೆ ಸುರೀತು, ಅದನ್ನ ಹಾಗೇ ಬಿಟ್ಟಿದ್ದೇನೆ. ಎಂಟನೆಯದರಲ್ಲಿ ದೊಡ್ಡತ್ತೆ ಸಾಲು ಮರೆತರು, ಅಜ್ಜಿ ಹಾಡು ನಿಲ್ಲಿಸದೇನೇ ಅವರ ತೊಡೆ ಮೇಲೆ ಒಂದು ಏಟು ಕೊಟ್ಟ ಶಬ್ದ ಒಂದನೇ ಚಾನೆಲ್‌ನಲ್ಲಿ ಸ್ಪಷ್ಟವಾಗಿ ಬಿದ್ದಿದೆ.

ಮುಗಿದ ಮೇಲೆ 48 ಆಫ್ ಮಾಡಿದೆ.

ಮಂಡಿಗದ್ದೆ_ಮಾಣಿ, ಬೆಳಿಗ್ಗೆ 7:40

ಆ ದುರ್ಗಿಗುಡಿ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ? ನನ್ನ ಇಂಟರ್‌ಫೇಸ್ ಒಳಗೆ ಅಕ್ಕಿಕಾಳು ಸಿಕ್ಕಿದೆ.